ರೆಂಡರ್ ಬೇಗ ಮುಗಿಯಬೇಕೆಂದರೆ ದುಡ್ಡು ಯಾವ ಭಾಗಕ್ಕೆ ಹಾಕಬೇಕು?

ಲಗ್ನದ ಸೀಸನ್‌ನಲ್ಲಿ ಹುಬ್ಬಳ್ಳಿಯ ಎಡಿಟಿಂಗ್ ಕೋಣೆಗಳಲ್ಲಿ ರಾತ್ರಿ ಹತ್ತಕ್ಕೆ ಎಕ್ಸ್‌ಪೋರ್ಟ್ ಹಚ್ಚಿ ಮನೆಗೆ ಹೋಗುವುದು ವಾಡಿಕೆ. ಮುಂಜಾನೆ ಬಂದು ನೋಡಿದರೆ ಪಟ್ಟಿ 61 ಪರ್ಸೆಂಟಿಗೆ ನಿಂತಿರುತ್ತದೆ. ಮಧ್ಯಾಹ್ನ ಅಂಗಡಿಗೆ ಹೋಗಿ ಕೇಳುವ ಪ್ರಶ್ನೆ ಒಂದೇ: "ಎಲ್ಲಕ್ಕಿಂತ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಯಾವುದೈತ್ರಿ?" ಇದಕ್ಕೆ ಅಂಗಡಿಯವರ ಬಳಿ ಉತ್ತರ ಸದಾ ಸಿದ್ಧ. ಆದರೆ ಆ ಉತ್ತರದಿಂದ ರೆಂಡರ್ ಸಮಯ ಅರ್ಧಕ್ಕಿಳಿಯಬಹುದು, ಐದು ನಿಮಿಷ ಮಾತ್ರ ಉಳಿಯಲೂಬಹುದು. ಯಾವುದಾಗುತ್ತದೆ ಎಂಬುದು ಈಗಿನ ಯಂತ್ರದಲ್ಲಿ ಕೆಲಸ ಎಲ್ಲಿ ತಡೆಯುತ್ತಿದೆ ಎಂಬುದರ ಮೇಲೆ ನಿಂತಿದೆ.

ರೆಂಡರ್ ಎಂದರೆ ಮೂರು ಕೆಲಸಗಳ ಸಾಲು. ಕ್ಯಾಮೆರಾ ಕಟ್ಟಿಕೊಟ್ಟ ಫೈಲಿನಿಂದ ಒಂದೊಂದೇ ಫ್ರೇಮ್ ಬಿಚ್ಚುವುದು ಮೊದಲನೆಯದು. ಬಿಚ್ಚಿದ ಫ್ರೇಮಿಗೆ ಬಣ್ಣ, ನಾಯ್ಸ್ ತೆಗೆಯುವುದು, ಗ್ಲೋ, ಟೈಟಲ್ ಇತ್ಯಾದಿ ಹಚ್ಚುವುದು ಎರಡನೆಯದು. ಮುಗಿದ ಫ್ರೇಮನ್ನು ಮತ್ತೆ ಎಚ್.264 ಅಥವಾ ಎಚ್.265 ಎಂಬ ಕುಗ್ಗಿಸಿದ ವಿಡಿಯೊ ಫೈಲಾಗಿ ಕಟ್ಟುವುದು ಮೂರನೆಯದು. ಲಗ್ನದ ಮನೆಯಲ್ಲಿ ಜೋಳದ ರೊಟ್ಟಿ ಮಾಡುವ ಸಾಲು ನೋಡಿದವರಿಗೆ ಇದು ಹೊಸದಲ್ಲ. ಒಬ್ಬರು ಹಿಟ್ಟು ನಾದುತ್ತಾರೆ, ಇಬ್ಬರು ಬಡಿಯುತ್ತಾರೆ, ಒಬ್ಬರು ಹಂಚಿನ ಮುಂದೆ ಕೂತು ಬೇಯಿಸುತ್ತಾರೆ. ಹಂಚು ಒಂದೇ ಇದ್ದಾಗ ಬಡಿಯಲು ಇನ್ನೂ ನಾಲ್ಕು ಮಂದಿಯನ್ನು ಕೂಡಿಸಿದರೆ ರೊಟ್ಟಿಯ ಲೆಕ್ಕ ಹೆಚ್ಚುವುದಿಲ್ಲ. ಬಡಿದಿಟ್ಟವು ಹಂಚಿನ ಸರದಿ ಕಾಯುತ್ತಾ ಒಣಗುತ್ತವೆ, ಅಷ್ಟೇ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಾಲ್ಕು ನಿಮಿಷದ ಹೈಲೈಟ್, ಸೆಕೆಂಡಿಗೆ 25 ಫ್ರೇಮ್, ಒಟ್ಟು 6000 ಫ್ರೇಮ್. ರೆಂಡರ್ 48 ನಿಮಿಷ ಹಿಡಿದರೆ ಒಂದು ಫ್ರೇಮಿಗೆ 0.48 ಸೆಕೆಂಡ್. ಅದರಲ್ಲಿ ಬಿಚ್ಚಲು 0.04, ನಾಯ್ಸ್ ತೆಗೆಯಲು 0.30, ಬಣ್ಣಕ್ಕೆ 0.06, ಕಟ್ಟಲು 0.08 ಎಂದಿರಲಿ. ಎರಡು ಪಟ್ಟು ವೇಗದ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ನಾಯ್ಸ್ ಮತ್ತು ಬಣ್ಣದ 0.36 ಅರ್ಧಕ್ಕಿಳಿದು ಒಟ್ಟು 0.30 ಆಗುತ್ತದೆ, 48 ನಿಮಿಷ 30ಕ್ಕೆ ಬರುತ್ತದೆ. ಅದೇ ದುಡ್ಡನ್ನು ಕಟ್ಟುವ ಕೆಲಸ ಇಮ್ಮಡಿ ವೇಗವಾಗಲೆಂದು ಸುರಿದರೆ 44 ನಿಮಿಷ. ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ, ಈಗ ಅವರ ಹೆಸರಿನಲ್ಲೇ ಕರೆಯುವ ನಿಯಮದ ತಿರುಳು ಇದೇ: ಒಂದು ಭಾಗವನ್ನು ಎಷ್ಟೇ ಓಡಿಸಿದರೂ ಉಳಿದ ಭಾಗ ಹಿಡಿಯುವ ಹೊತ್ತಿಗಿಂತ ಕೆಳಗೆ ಒಟ್ಟು ಸಮಯ ಇಳಿಯದು. ನಿಜದಲ್ಲಿ ಈ ಮೂರು ಕೆಲಸಗಳು ಸ್ವಲ್ಪಮಟ್ಟಿಗೆ ಒಟ್ಟೊಟ್ಟಿಗೇ ನಡೆಯುವುದರಿಂದ ಅಂಕಿ ಇಷ್ಟು ನೇರವಾಗಿ ಬರುವುದಿಲ್ಲ. ಆದರೆ ದಿಕ್ಕು ತಪ್ಪುವುದಿಲ್ಲ.

ಮೊದಲು ಅಳತೆ, ಆಮೇಲೆ ಅಂಗಡಿ

ನಿಮ್ಮ ನಿಜವಾದ ಪ್ರಾಜೆಕ್ಟಿನಿಂದ ಎಫೆಕ್ಟ್ ಹೆಚ್ಚಿರುವ ಒಂದು ನಿಮಿಷ ಆರಿಸಿ. ಅರಿಷಿಣದ ಶಾಸ್ತ್ರದ ರಾತ್ರಿ ಶಾಟ್‌ಗಳಿದ್ದರೆ ಒಳ್ಳೆಯದು, ನಾಯ್ಸ್ ಅಲ್ಲೇ ಹೆಚ್ಚು. ರೆಂಡರ್ ಕ್ಯಾಶ್ (ಹಿಂದೆ ಮಾಡಿಟ್ಟ ಫ್ರೇಮ್‌ಗಳ ಸಂಗ್ರಹ) ಅಳಿಸಿ, ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ 'ಯೂಸ್ ಪ್ರಿವ್ಯೂಸ್' ಟಿಕ್ ತೆಗೆಯಿರಿ. ಇಲ್ಲದಿದ್ದರೆ ಎರಡನೇ ಸಲದ ರೆಂಡರ್ ಹಳೆಯ ಫಲಿತಾಂಶವನ್ನೇ ಎತ್ತಿಕೊಂಡು ಓಡಿ ನಿಮ್ಮ ಅಳತೆ ಕೆಡಿಸುತ್ತದೆ.

ಅದೇ ಒಂದು ನಿಮಿಷವನ್ನು ಮೂರು ಸಲ ತೆಗೆಯಿರಿ. ಮೊದಲ ಸಲ ಎಲ್ಲ ಎಫೆಕ್ಟ್ ಬಂದ್ ಮಾಡಿ, ಕಟ್ಟಲು ಹಗುರವಾದ ಪ್ರೊರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್‌ಗೆ. ಎರಡನೇ ಸಲ ಎಫೆಕ್ಟ್ ಹಚ್ಚಿ, ಮತ್ತೆ ಅದೇ ಪ್ರೊರೆಸ್‌ಗೆ. ಮೂರನೇ ಸಲ ಎಫೆಕ್ಟ್ ಹಚ್ಚಿಯೇ, ಗಿರಾಕಿಗೆ ಕೊಡುವ ಎಚ್.264ಗೆ. ಮೊದಲನೆಯದೇ ತಡವಾದರೆ ಬಿಚ್ಚುವ ಕೆಲಸ ಅಥವಾ ಡಿಸ್ಕ್ ಕಾಡುತ್ತಿದೆ. ಒಂದಕ್ಕೂ ಎರಡಕ್ಕೂ ದೊಡ್ಡ ಅಂತರವಿದ್ದರೆ ಎಫೆಕ್ಟ್‌ಗಳು. ಎರಡಕ್ಕಿಂತ ಮೂರು ಬಹಳ ತಡವಾದರೆ ಕಟ್ಟುವ ಕೆಲಸ.

ರೆಂಡರ್ ನಡೆಯುವಾಗ ಟಾಸ್ಕ್ ಮ್ಯಾನೇಜರ್ ತೆರೆದಿಡಿ. ಪ್ರೊಸೆಸರ್ ಗ್ರಾಫಿನ ಮೇಲೆ ಬಲ ಬಟನ್ ಒತ್ತಿ ಎಲ್ಲ ಕೋರ್‌ಗಳನ್ನು ಬೇರೆಬೇರೆಯಾಗಿ ತೋರಿಸಲು ಹೇಳಿ. ಒಟ್ಟು ಬಳಕೆ 12 ಪರ್ಸೆಂಟ್ ಎಂದಿದ್ದರೂ ಒಂದೇ ಕೋರ್ ತುದಿಗೆ ಹತ್ತಿ ಕೂತಿರಬಹುದು. ಅಂಥ ಎಫೆಕ್ಟಿಗೆ 16 ಕೋರ್ ಪ್ರೊಸೆಸರ್ ತಂದರೂ ಉಪಯೋಗವಿಲ್ಲ, ಒಂದು ಕೋರಿನ ವೇಗವೇ ಬೇಕು. ಗ್ರಾಫಿಕ್ಸ್ ಕಾರ್ಡಿನ ಪುಟದಲ್ಲಿ 'ತ್ರೀ-ಡಿ' ಗ್ರಾಫ್ ಒಂದನ್ನೇ ನೋಡಿ ಕಾರ್ಡ್ ಖಾಲಿ ಕೂತಿದೆ ಎಂದುಕೊಳ್ಳಬೇಡಿ. ವಿಡಿಯೊ ಡಿಕೋಡ್, ವಿಡಿಯೊ ಎನ್‌ಕೋಡ್, ಕುಡಾ (ಎನ್ವಿಡಿಯಾ ಕಾರ್ಡಿನ ಲೆಕ್ಕದ ಕೆಲಸ) ಇವಕ್ಕೆ ಬೇರೆ ಗ್ರಾಫ್‌ಗಳಿವೆ. ಕೆಳಗಿರುವ ಡೆಡಿಕೇಟೆಡ್ ಮೆಮೊರಿಯ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಿಚ್ಚುವ ಕೆಲಸ: ಒಂದು ಅಕ್ಷರ ಮಾಡುವ ಹಾನಿ

ಎಚ್.264, ಎಚ್.265 ಫೈಲುಗಳಲ್ಲಿ ಪ್ರತಿ ಫ್ರೇಮೂ ಪೂರ್ತಿಯಾಗಿ ಇರುವುದಿಲ್ಲ. ಆಗಾಗ ಒಂದು ಪೂರ್ಣ ಚಿತ್ರ, ನಡುವೆ ಬದಲಾದದ್ದು ಮಾತ್ರ. 37ನೇ ಫ್ರೇಮ್ ಬೇಕೆಂದರೆ ಹಿಂದಿನ ಪೂರ್ಣ ಚಿತ್ರದಿಂದ ಲೆಕ್ಕ ಹಾಕುತ್ತಾ ಬರಬೇಕು. ಟೈಮ್‌ಲೈನ್ ಹಿಂದಕ್ಕೆ ಎಳೆದಾಗ ತಡವರಿಸುವುದು ಇದಕ್ಕೇ. ಈ ಬಿಚ್ಚುವ ಕೆಲಸಕ್ಕೆಂದೇ ಗ್ರಾಫಿಕ್ಸ್ ಚಿಪ್‌ನೊಳಗೆ ಬೇರೆ ತುಂಡು ಇರುತ್ತದೆ. ಆ ತುಂಡಿಗೆ ನಿಮ್ಮ ಕ್ಯಾಮೆರಾದ ಮಾದರಿ ಗೊತ್ತಿದ್ದರೆ ಕೆಲಸ ಹಗುರ. ಗೊತ್ತಿಲ್ಲದಿದ್ದರೆ ಇಡೀ ಭಾರ ಪ್ರೊಸೆಸರ್ ತಲೆಗೆ.

ಗಂಟು ಇರುವುದು ಬಣ್ಣದ ಮಾಹಿತಿ ಹೆಚ್ಚು ಇಟ್ಟುಕೊಳ್ಳುವ 4:2:2 10-ಬಿಟ್ ಫೈಲುಗಳಲ್ಲಿ. ಇಂದಿನ ಮದುವೆ ಕ್ಯಾಮೆರಾಗಳಲ್ಲಿ ಬಹಳಷ್ಟು ಇದರಲ್ಲೇ ರೆಕಾರ್ಡ್ ಮಾಡುತ್ತವೆ. ಎನ್ವಿಡಿಯಾದ ಆರ್‌ಟಿಎಕ್ಸ್ 30 ಮತ್ತು 40 ಸರಣಿಯ ಯಾವ ಕಾರ್ಡೂ, ಅತಿ ದುಬಾರಿ 4090 ಕೂಡ, 4:2:2 ಬಿಚ್ಚುವುದಿಲ್ಲ. 2025ರಲ್ಲಿ ಬಂದ 50 ಸರಣಿಯಿಂದ ಆ ಸೌಲಭ್ಯ ಬಂದಿದೆ, ಎಡಿಟಿಂಗ್ ಸಾಫ್ಟ್‌ವೇರಿನ ಹೊಸ ಆವೃತ್ತಿಯೂ ಜೊತೆಗಿರಬೇಕು. ಇಂಟೆಲ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್ 11ನೇ ಪೀಳಿಗೆಯಿಂದಲೇ ಎಚ್.265 4:2:2 10-ಬಿಟ್ ಬಿಚ್ಚುತ್ತದೆ. ಎಚ್.264ರ 4:2:2 10-ಬಿಟ್ ಅನ್ನು ಮಾತ್ರ 14ನೇ ಪೀಳಿಗೆಯವರೆಗೂ ಬಿಚ್ಚುವುದಿಲ್ಲ. ಸೋನಿ ಕ್ಯಾಮೆರಾ ಇದ್ದವರು ಇಲ್ಲಿ ನಿಲ್ಲಬೇಕು: ಎಕ್ಸ್‌ಎವಿಸಿ ಎಸ್ ಎಂದರೆ ಎಚ್.264, ಎಕ್ಸ್‌ಎವಿಸಿ ಎಚ್‌ಎಸ್ ಎಂದರೆ ಎಚ್.265. ಇಂಟೆಲ್ ಯಂತ್ರ ಇದ್ದವರು ಕ್ಯಾಮೆರಾದ ಮೆನುವಿನಲ್ಲಿ ಎಚ್‌ಎಸ್ ಆರಿಸಿಕೊಂಡರೆ ಒಂದು ಪೈಸೆ ಖರ್ಚಿಲ್ಲದೆ ಟೈಮ್‌ಲೈನ್ ಹಗುರಾಗುತ್ತದೆ.

ಇನ್ನು ಆ ಒಂದು ಅಕ್ಷರ. ಇಂಟೆಲ್ ಹೆಸರಿನ ಕೊನೆಗೆ 'ಎಫ್' ಇದ್ದರೆ, 14700ಎಫ್ ಅಥವಾ 14700ಕೆಎಫ್ ಹಾಗೆ, ಒಳಗಿನ ಗ್ರಾಫಿಕ್ಸ್ ಇಲ್ಲ ಎಂದರ್ಥ. ಬೆಲೆ ಸ್ವಲ್ಪ ಕಡಿಮೆ ಇರುವುದರಿಂದ "ಹೆಂಗೂ ಬ್ಯಾರೆ ಕಾರ್ಡ್ ಹಾಕ್ತೀರಲ್ರಿ" ಎಂದು ಇದನ್ನೇ ಹಾಕಿಕೊಡುತ್ತಾರೆ. ಆಟ ಆಡುವವರಿಗೆ ಸರಿ, ವಿಡಿಯೊದವರಿಗೆ ಅಲ್ಲ. ಎಫ್ ಇಲ್ಲದ ಪ್ರೊಸೆಸರ್ ತಂದ ಮೇಲೂ ಒಂದು ಕೆಲಸ ಉಳಿಯುತ್ತದೆ: ಬೇರೆ ಕಾರ್ಡ್ ಹಾಕಿದೊಡನೆ ಎಷ್ಟೋ ಮದರ್‌ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸ್ ಬಂದ್ ಮಾಡಿಬಿಡುತ್ತವೆ. ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ ಐಜಿಪಿಯು ಮಲ್ಟಿ-ಮಾನಿಟರ್ ಎಂಬ ಆಯ್ಕೆ ಹಚ್ಚಿ. ಡಿವೈಸ್ ಮ್ಯಾನೇಜರ್‌ನಲ್ಲಿ ಎರಡೂ ಗ್ರಾಫಿಕ್ಸ್ ಕಾಣಬೇಕು.

ಇದೆಲ್ಲ ಆಗದ ಹಳೆಯ ಯಂತ್ರವಾದರೆ ಪ್ರಾಕ್ಸಿ (ಮೂಲ ಫೈಲಿನ ಸಣ್ಣ, ಹಗುರ ಪ್ರತಿ) ಮಾಡಿಕೊಂಡು ಎಡಿಟ್ ಮಾಡಿ. ಆದರೆ ಪ್ರಾಕ್ಸಿ ಹಗುರ ಮಾಡುವುದು ಎಡಿಟ್ ಮಾಡುವ ಹೊತ್ತನ್ನು. ಕೊನೆಯ ರೆಂಡರ್ ಮೂಲ ಫೈಲಿನಿಂದಲೇ ಆಗುವುದರಿಂದ ಅಲ್ಲಿ ಉಳಿತಾಯವಿಲ್ಲ.

ಎಫೆಕ್ಟ್ ಕೆಲಸ: ಯಾವ ಸಾಫ್ಟ್‌ವೇರ್ ಎಂಬುದೇ ಉತ್ತರ

ಡಾವಿಂಚಿ ರಿಸಾಲ್ವ್ ಬಹುಪಾಲು ಗ್ರಾಫಿಕ್ಸ್ ಕಾರ್ಡಿನ ಮೇಲೆ ನಿಂತಿದೆ. ಇಲ್ಲಿ ಕಾರ್ಡಿನ ವೇಗಕ್ಕಿಂತ ಮೊದಲು ನೋಡಬೇಕಾದ್ದು ಅದರ ಮೆಮೊರಿ. ಯಾಕೆಂದು ಲೆಕ್ಕ ಹಾಕಿ: 4ಕೆ ಫ್ರೇಮ್ ಎಂದರೆ 3840 ಅಡ್ಡ, 2160 ಉದ್ದ, ಪ್ರತಿ ಬಿಂದುವಿಗೆ ನಾಲ್ಕು ಚಾನೆಲ್, ಪ್ರತಿ ಚಾನೆಲ್‌ಗೆ 32 ಬಿಟ್, ಅಂದರೆ 4 ಬೈಟ್. ಗುಣಿಸಿದರೆ ಸುಮಾರು 133 ಎಂಬಿ. ಹಿಂದಿನ ಎರಡು, ಮುಂದಿನ ಎರಡು ಫ್ರೇಮ್ ನೋಡಿ ನಾಯ್ಸ್ ತೆಗೆಯುವ ಟೆಂಪೊರಲ್ ನಾಯ್ಸ್ ರಿಡಕ್ಷನ್‌ಗೆ ಐದು ಫ್ರೇಮ್ ಒಟ್ಟಿಗೆ ಬೇಕು: ಬರೀ ಒಳಬರುವ ಚಿತ್ರಗಳೇ 665 ಎಂಬಿ. ಅದರ ಮೇಲೆ ಲೆಕ್ಕದ ನಡುವಿನ ಪ್ರತಿಗಳು, ಮುಂದಿನ ನೋಡ್‌ಗಳು, ಮಾಸ್ಕ್, ಮಾನಿಟರಿಗೆ ಹೋಗುವ ಚಿತ್ರ, ವಿಂಡೋಸ್ ತನ್ನ ಪಾಲಿಗೆ ಹಿಡಿದಿಟ್ಟದ್ದು. 8 ಜಿಬಿ ಕಾರ್ಡ್ ಇಲ್ಲಿ ಬೇಗ ತುಂಬುತ್ತದೆ. ತುಂಬಿದರೆ ಗ್ರಾಫಿಕ್ಸ್ ಮೆಮೊರಿ ತುಂಬಿದೆ ಎಂಬ ಎಚ್ಚರಿಕೆ ಬಂದು ರೆಂಡರ್ ನಿಲ್ಲುತ್ತದೆ, ಇಲ್ಲವೇ ಡೇಟಾ ಯಂತ್ರದ ರ್‍ಯಾಮಿಗೂ ಕಾರ್ಡಿಗೂ ನಡುವೆ ಓಡಾಡಲು ತೊಡಗಿ ವೇಗ ನೆಲ ಕಚ್ಚುತ್ತದೆ.

ಆದ್ದರಿಂದ 4ಕೆ ಕೆಲಸಕ್ಕೆ 12 ಜಿಬಿ ಕನಿಷ್ಠ, 16 ಜಿಬಿ ನೆಮ್ಮದಿ. ಹೊಸದು ಎಂದಾಕ್ಷಣ ದೊಡ್ಡದು ಅಲ್ಲ: 2021ರ ಆರ್‌ಟಿಎಕ್ಸ್ 3060 12 ಜಿಬಿಯೊಂದಿಗೆ ಬಂದಿತ್ತು, 2023ರ 4060ರಲ್ಲಿ ಇರುವುದು 8 ಜಿಬಿ. 5060 ಟಿಐ ಎಂಬ ಒಂದೇ ಹೆಸರಿನಲ್ಲಿ 8 ಜಿಬಿ, 16 ಜಿಬಿ ಎರಡೂ ಮಾರಾಟಕ್ಕಿವೆ. 3060ರಲ್ಲೂ ಆಮೇಲೆ 8 ಜಿಬಿಯ ಒಂದು ತಳಿ ಬಂತು. ಡಬ್ಬಿಯ ಮೇಲಿನ ಅಂಕಿ ಓದದೆ ಹಣ ಎಣಿಸಬೇಡಿ. ಎರಡು ಕಾರ್ಡ್ ಹಾಕಿದರೆ ಮೆಮೊರಿ ಕೂಡಿಕೊಳ್ಳುವುದಿಲ್ಲ. 8 ಮತ್ತು 8 ಸೇರಿ ಇಲ್ಲಿ 8ಷ್ಟೇ. ರಿಸಾಲ್ವ್‌ನ ಉಚಿತ ಆವೃತ್ತಿ ವಿಂಡೋಸ್‌ನಲ್ಲಿ ಒಂದೇ ಕಾರ್ಡ್ ಬಳಸುತ್ತದೆ, ಟೆಂಪೊರಲ್ ನಾಯ್ಸ್ ರಿಡಕ್ಷನ್ ಅದರಲ್ಲಿ ಇಲ್ಲವೇ ಇಲ್ಲ.

ಆಫ್ಟರ್ ಎಫೆಕ್ಟ್ಸ್‌ನದು ಬೇರೆಯೇ ಸ್ವಭಾವ. ಟೈಟಲ್, ಇನ್ವಿಟೇಶನ್ ವಿಡಿಯೊ, ಚುನಾವಣೆಯ ಮೋಷನ್ ಪೋಸ್ಟರ್ ಮಾಡುವವರು ದುಬಾರಿ ಕಾರ್ಡ್ ಹಾಕಿ ನಿರಾಶರಾಗುವುದು ಇಲ್ಲೇ. ಬಹಳಷ್ಟು ಕೆಲಸ ಪ್ರೊಸೆಸರ್ ಮತ್ತು ರ್‍ಯಾಮ್ ಮೇಲೆ ನಡೆಯುತ್ತದೆ. 2021ರ ಅಕ್ಟೋಬರ್‌ನಲ್ಲಿ ಬಂದ ಆವೃತ್ತಿಯಿಂದ ಮಲ್ಟಿ-ಫ್ರೇಮ್ ರೆಂಡರಿಂಗ್ ಇದೆ, ಅಂದರೆ ಬೇರೆಬೇರೆ ಕೋರ್‌ಗಳು ಬೇರೆಬೇರೆ ಫ್ರೇಮ್ ಹಿಡಿದು ಮಾಡುತ್ತವೆ. ಹೀಗೆ ಹಂಚಿಕೊಳ್ಳುವ ಪ್ರತಿ ಫ್ರೇಮಿಗೂ ಅದರದೇ ಮೆಮೊರಿ ಬೇಕು. 16 ಕೋರ್ ಪ್ರೊಸೆಸರ್‌ಗೆ 16 ಜಿಬಿ ರ್‍ಯಾಮ್ ಹಾಕಿದರೆ ಮೆಮೊರಿ ಸಾಲದೆ ಅರ್ಧ ಕೋರ್‌ಗಳು ಸುಮ್ಮನೆ ಕೂರುತ್ತವೆ. ಪ್ರಿವ್ಯೂ ಲೆಕ್ಕವೂ ಹೀಗೇ: 16-ಬಿಟ್ 4ಕೆ ಫ್ರೇಮ್ ಒಂದಕ್ಕೆ 66 ಎಂಬಿ, ಹತ್ತು ಸೆಕೆಂಡಿನ 250 ಫ್ರೇಮಿಗೆ 16 ಜಿಬಿ ದಾಟುತ್ತದೆ. 64 ಜಿಬಿ ಇಲ್ಲಿ ಶೋಕಿಯಲ್ಲ. ಜೊತೆಗೆ, ಮಲ್ಟಿ-ಫ್ರೇಮ್‌ಗೆ ಒಗ್ಗದ ಎಫೆಕ್ಟ್ ಒಂದಿದ್ದರೆ ಎಫೆಕ್ಟ್ ಕಂಟ್ರೋಲ್ಸ್‌ನಲ್ಲಿ ಅದರ ಪಕ್ಕ ಎಚ್ಚರಿಕೆಯ ಗುರುತು ಬರುತ್ತದೆ. ಹಳೆಯ ಪ್ಲಗಿನ್ ಒಂದು ಇಡೀ ಕಾಂಪೊಸಿಷನ್ನನ್ನು ಒಂಟೆತ್ತಿನ ಗಾಡಿ ಮಾಡಬಲ್ಲದು. ಹಾರ್ಡ್‌ವೇರ್ ಬದಲಿಸುವ ಮೊದಲು ಅದನ್ನು ಬದಲಿಸಿ ನೋಡಿ.

ಪ್ರೀಮಿಯರ್ ಎರಡರ ನಡುವೆ ಇದೆ. ಲುಮೆಟ್ರಿ ಬಣ್ಣ, ಸ್ಕೇಲಿಂಗ್, ಬ್ಲರ್ ಕಾರ್ಡಿನ ಮೇಲೆ. ವಾರ್ಪ್ ಸ್ಟೆಬಿಲೈಜರ್ ಶಾಟ್ ಓದುವ ಹಂತ ಪ್ರೊಸೆಸರ್ ಮೇಲೆ. ತ್ರೀ-ಡಿ ಸಾಫ್ಟ್‌ವೇರ್ ಬ್ಲೆಂಡರ್‌ನ ಸೈಕಲ್ಸ್ ಎಂಬ ರೆಂಡರ್ ಎಂಜಿನ್ ಮಾತ್ರ ನೇರ: ಆಪ್ಟಿಕ್ಸ್ ಆಯ್ಕೆ ಹಚ್ಚಿದ ಆರ್‌ಟಿಎಕ್ಸ್ ಕಾರ್ಡ್ ಇದ್ದರೆ ಪ್ರೊಸೆಸರ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ, ದೃಶ್ಯ ಕಾರ್ಡಿನ ಮೆಮೊರಿಯಲ್ಲಿ ಹಿಡಿಯಬೇಕು, ಅಷ್ಟೇ. ಲಕ್ಕುಂಡಿಯ ಗುಡಿಯ ಕಂಬವೊಂದನ್ನು ಫೋಟೊಗ್ರಾಮೆಟ್ರಿಯಿಂದ (ಹಲವು ಫೋಟೊಗಳಿಂದ ತ್ರೀ-ಡಿ ಆಕಾರ ಕಟ್ಟುವ ವಿಧಾನ) ಮಾಡಿಕೊಂಡು 8ಕೆ ಟೆಕ್ಸ್ಚರ್ ಹಚ್ಚಿದರೆ ಕಾರ್ಡ್ ಹೇಗೆ ತುಂಬುತ್ತದೆ ಎಂಬುದು ಬೇಗ ತಿಳಿಯುತ್ತದೆ. 8ಕೆ ಚದರದ ಒಂದು 8-ಬಿಟ್ ಚಿತ್ರವೇ 268 ಎಂಬಿ.

ರ್‍ಯಾಮ್ ಕೊಳ್ಳುವಾಗ 32 ಜಿಬಿಯ ಎರಡು ಪಟ್ಟಿ ತೆಗೆದುಕೊಳ್ಳಿ. ಒಂದೇ ಪಟ್ಟಿ ಹಾಕಿದರೆ ಪ್ರೊಸೆಸರ್‌ಗೆ ಅರ್ಧ ದಾರಿ ಮುಚ್ಚಿದಂತೆ. ಡಿಡಿಆರ್5ನಲ್ಲಿ ನಾಲ್ಕು ಪಟ್ಟಿ ಹಾಕಿದರೆ ಸಾಮಾನ್ಯ ಮದರ್‌ಬೋರ್ಡ್‌ಗಳು ವೇಗ ಇಳಿಸುತ್ತವೆ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಎಂಬ ರ್‍ಯಾಮ್ ವೇಗದ ಆಯ್ಕೆ ಹಚ್ಚದಿದ್ದರೆ 6000 ಎಂದು ಬರೆದ ರ್‍ಯಾಮ್ 4800ರಲ್ಲೇ ವರ್ಷಗಟ್ಟಲೆ ಓಡುತ್ತಿರುತ್ತದೆ.

ಕಟ್ಟುವ ಕೆಲಸಕ್ಕೆ ಹೇಳುವುದು ಕಡಿಮೆ. ಎನ್ವಿಡಿಯಾದ ಎನ್‌ವಿಇಎನ್‌ಸಿ (ವಿಡಿಯೊ ಕಟ್ಟುವ ಭಾಗ) ಬೇರೆಯೇ ತುಂಡಾದ್ದರಿಂದ ಒಂದೇ ಪೀಳಿಗೆಯ ಸಣ್ಣ ಕಾರ್ಡಿನಲ್ಲೂ ದೊಡ್ಡ ಕಾರ್ಡಿನಲ್ಲೂ ಹೆಚ್ಚುಕಡಿಮೆ ಒಂದೇ ವೇಗ. 4070 ಟಿಐ, 5070 ಟಿಐ ಮತ್ತು ಮೇಲಿನವುಗಳಲ್ಲಿ ಮಾತ್ರ ಅಂಥ ತುಂಡು ಎರಡಿವೆ, 5090ರಲ್ಲಿ ಮೂರು. ಪ್ರೀಮಿಯರ್‌ನಲ್ಲಿ ವಿಬಿಆರ್ 2 ಪಾಸ್ (ಎರಡು ಸಲ ಓದಿ ಕಟ್ಟುವ ಆಯ್ಕೆ) ಆರಿಸಿದರೆ ಹಾರ್ಡ್‌ವೇರ್ ಬಿಟ್ಟು ಸಾಫ್ಟ್‌ವೇರ್ ಎನ್‌ಕೋಡಿಂಗ್‌ಗೆ ತಿರುಗುತ್ತದೆ. "ಕಾರ್ಡ್ ಹಾಕಿದರೂ ಫರಕ್ ಇಲ್ಲ" ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೊಂದೇ. 1 ಪಾಸ್ ಇಟ್ಟು ಬಿಟ್‌ರೇಟ್ ತುಸು ಏರಿಸಿ.

ಡಿಸ್ಕ್, ಕರೆಂಟ್, ಬಿಸಿಲು, ಧೂಳು

100 ಎಂಬಿಪಿಎಸ್ ಕ್ಯಾಮೆರಾ ಫೈಲಿಗೆ ಸೆಕೆಂಡಿಗೆ ಬೇಕಾದ್ದು 12.5 ಎಂಬಿ. ಸಾಮಾನ್ಯ ಹಾರ್ಡ್ ಡಿಸ್ಕ್ 150 ಎಂಬಿ ಕೊಡುತ್ತದೆ. ಹಾಗಾಗಿ ಒಂದು ಕ್ಯಾಮೆರಾದ ಫೈಲಿಗಾಗಿ 7000 ಎಂಬಿ ವೇಗದ ಎಸ್‌ಎಸ್‌ಡಿ ತಂದರೆ ರೆಂಡರ್ ವೇಗವಾಗುವುದಿಲ್ಲ. ನಾಲ್ಕು ಕ್ಯಾಮೆರಾ ಒಟ್ಟಿಗೆ ಹಾಕಿದಾಗ ಹಾರ್ಡ್ ಡಿಸ್ಕಿನ ಮುಳ್ಳು ಅತ್ತಿಂದಿತ್ತ ಓಡಾಡುವುದರಲ್ಲೇ ದಣಿಯುತ್ತದೆ. ಪ್ರೊರೆಸ್ 422ರಲ್ಲಿ 4ಕೆ 25 ಫ್ರೇಮ್ ಎಂದರೆ 492 ಎಂಬಿಪಿಎಸ್, ಸೆಕೆಂಡಿಗೆ 61 ಎಂಬಿಗೂ ಹೆಚ್ಚು. ಎಸ್‌ಎಸ್‌ಡಿಯ ಬೆಲೆ ಗೊತ್ತಾಗುವುದು ಅಲ್ಲಿ, ಮತ್ತು ಕ್ಯಾಶ್‌ನಲ್ಲಿ. ವಿಂಡೋಸ್‌ಗೆ ಒಂದು, ಕ್ಯಾಶ್ ಮತ್ತು ನಡೆಯುತ್ತಿರುವ ಪ್ರಾಜೆಕ್ಟಿಗೆ ಇನ್ನೊಂದು ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ), ಮುಗಿದ ಮದುವೆಗಳಿಗೆ ಹಾರ್ಡ್ ಡಿಸ್ಕ್: ಇದು ಸಾಕು. ಅಗ್ಗದ ಎಸ್‌ಎಸ್‌ಡಿಗಳು ಮೊದಲ ಹತ್ತಾರು ಜಿಬಿ ಬರೆಯುವವರೆಗೆ ಹಾರಿ, ಆಮೇಲೆ ಹಾರ್ಡ್ ಡಿಸ್ಕಿಗಿಂತ ಕೆಳಗಿಳಿಯುವುದುಂಟು. ತುಂಬಿ ತುಳುಕುವಷ್ಟು ಇಟ್ಟರಂತೂ ಇನ್ನೂ ಬೇಗ.

ಪವರ್ ಸಪ್ಲೈ ಲೆಕ್ಕ ಸರಳ. 250 ವ್ಯಾಟ್ ಕಾರ್ಡ್, 200 ವ್ಯಾಟ್ ಪ್ರೊಸೆಸರ್, ಉಳಿದದ್ದಕ್ಕೆ 60, ಒಟ್ಟು 510. ಕಾರ್ಡ್ ಕ್ಷಣಮಾತ್ರ ಇದಕ್ಕಿಂತ ಬಹಳ ಹೆಚ್ಚು ಎಳೆಯುವುದರಿಂದ ಒಳ್ಳೆಯ ಕಂಪನಿಯ 750 ವ್ಯಾಟ್ ಹಾಕಿ. ನೀಲಿ ಪರದೆಯೂ ಇಲ್ಲದೆ ರೆಂಡರ್ ನಡುವೆ ಯಂತ್ರ ತಟ್ಟನೆ ರೀಸ್ಟಾರ್ಟ್ ಆದರೆ ಮೊದಲ ಸಂಶಯ ಪವರ್ ಸಪ್ಲೈ ಮೇಲೆ, ಎರಡನೆಯದು ಅರ್ಥಿಂಗ್ ಮೇಲೆ. ಮನೆಯ ಇನ್ವರ್ಟರ್‌ಗೆ ಹಚ್ಚಿದ್ದರೆ ಅದನ್ನು ಯುಪಿಎಸ್ ಮೋಡ್‌ಗೆ ಇಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬ್ಯಾಟರಿ ಹಿಡಿಯುವ ನಡುವಿನ ಮಿಲಿಸೆಕೆಂಡುಗಳಲ್ಲೇ ಯಂತ್ರ ಆರಿಬಿಡುತ್ತದೆ. 600 ವಿಎ ಯುಪಿಎಸ್ ಸಾಮಾನ್ಯವಾಗಿ ಹೊರುವುದು 360 ವ್ಯಾಟ್ ಮಾತ್ರ, ಮೇಲಿನ ಯಂತ್ರಕ್ಕೆ ಅದು ಸಾಲದು.

ಕರೆಂಟ್ ಹೋದಾಗ ಎಂಪಿ4 ಫೈಲ್ ಪೂರ್ತಿ ಕೆಡುವುದಕ್ಕೂ ಕಾರಣವಿದೆ. ಯಾವ ಫ್ರೇಮ್ ಎಲ್ಲಿದೆ ಎಂಬ ಪರಿವಿಡಿಯನ್ನು ಎಂಪಿ4 ಕೊನೆಗೆ ಬರೆಯುತ್ತದೆ. 95 ಪರ್ಸೆಂಟಿಗೆ ನಿಂತ ಫೈಲಿನಲ್ಲಿ ಚಿತ್ರವೆಲ್ಲ ಇದ್ದರೂ ಪರಿವಿಡಿ ಇಲ್ಲದ್ದರಿಂದ ತೆರೆಯದು. ಬ್ಲೆಂಡರ್ ಮತ್ತು ಆಫ್ಟರ್ ಎಫೆಕ್ಟ್ಸ್‌ನಲ್ಲಿ ಉದ್ದದ ರೆಂಡರ್‌ಗಳನ್ನು ಪಿಎನ್‌ಜಿ ಅಥವಾ ಇಎಕ್ಸ್‌ಆರ್ ಚಿತ್ರಗಳ ಸಾಲಾಗಿ ತೆಗೆಯಿರಿ. 4112ನೇ ಫ್ರೇಮಿಗೆ ಕರೆಂಟ್ ಹೋದರೆ ಆ ಅರ್ಧಂಬರ್ಧ ಚಿತ್ರ ಅಳಿಸಿ 4112ರಿಂದಲೇ ಮುಂದುವರಿಸಬಹುದು. ಆಮೇಲೆ ಎಲ್ಲ ಸೇರಿಸಿ ವಿಡಿಯೊ ಕಟ್ಟಲು ಕೆಲವೇ ನಿಮಿಷ.

ಬಿಸಿಲಿಗೆ ಬರೋಣ. ಏಪ್ರಿಲ್-ಮೇ ಲಗ್ನದ ಕಾಲವೂ ಹೌದು, ಗದಗ-ಹುಬ್ಬಳ್ಳಿಯ ಸುಡು ಬಿಸಿಲೂ ಹೌದು. 500 ವ್ಯಾಟ್ ಎಳೆಯುವ ಯಂತ್ರ ಆ ಅಷ್ಟನ್ನೂ ಶಾಖವಾಗಿ ಕೋಣೆಗೆ ಬಿಡುತ್ತದೆ. ತಗಡಿನ ಛಾವಣಿಯ ಕೆಳಗೆ ಕಿಟಕಿ ಮುಚ್ಚಿ ಕೂತರೆ ಒಳಗೊಂದು ಹೀಟರ್ ಹಚ್ಚಿಟ್ಟಂತೆ. ರೈಜನ್ 7000 ಸರಣಿ 95 ಡಿಗ್ರಿಗೆ, ಇಂಟೆಲ್ 100ರ ಆಸುಪಾಸಿಗೆ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ಬಿಸಿ, ವೇಗ ತೋರಿಸುವ ಎಚ್‌ಡಬ್ಲ್ಯುಇನ್ಫೊ ಎಂಬ ಸಾಫ್ಟ್‌ವೇರ್ ತೆರೆದು ಮೂರನೇ ನಿಮಿಷದ ಗಿಗಾಹರ್ಟ್ಜ್ ಮತ್ತು ಇಪ್ಪತ್ತೈದನೇ ನಿಮಿಷದ್ದು ಹೋಲಿಸಿ. ಬಹಳ ಕುಸಿದಿದ್ದರೆ ನಿಮಗೆ ಬೇಕಿರುವುದು ಹೊಸ ಪ್ರೊಸೆಸರ್ ಅಲ್ಲ, ಒಳ್ಳೆಯ ಕೂಲರ್ ಮತ್ತು ಗಾಳಿ. ಲ್ಯಾಪ್‌ಟಾಪಿನವರಿಗೆ ಇನ್ನೊಂದು ಮಾತು: 4060 ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪಿಗೆ ತಯಾರಕರು 35ರಿಂದ 115 ವ್ಯಾಟ್ ತನಕ ಏನು ಬೇಕಾದರೂ ಕೊಡಬಹುದು. ಕೊಳ್ಳುವಾಗ ಕೇಳಬೇಕಾದ್ದು ಆ ವ್ಯಾಟ್.

ಎರೆ ಭೂಮಿಯ ಧೂಳು ನುಣ್ಣಗಿರುತ್ತದೆ, ಹೀಟ್‌ಸಿಂಕಿನ ಎಲೆಗಳ ನಡುವೆ ಕೂತರೆ ಕಂಬಳಿ ಹೊದಿಸಿದಂತೆ. ಅರಳೆಯ ಎಳೆ ಹಾರುವ ಕಡೆ ಅದೇ ಜಾಲ ಕಟ್ಟಿ ಧೂಳನ್ನು ಹಿಡಿದಿಡುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹತ್ತಿರದ ಕೋಣೆಗಳ ಕಥೆ ಕೇಳುವುದೇ ಬೇಡ. ಮುಂಭಾಗಕ್ಕೆ ಜಾಳಿಗೆ ಇರುವ ಕ್ಯಾಬಿನೆಟ್ ಆರಿಸಿ, ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ಅದನ್ನು ತೆಗೆದು ಝಾಡಿಸಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು, ಗಾಳಿಯ ರಭಸಕ್ಕೆ ಗಿರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ.

ಸೆಕೆಂಡ್ ಹ್ಯಾಂಡ್ ಇಂಟೆಲ್ 13, 14ನೇ ಪೀಳಿಗೆಯ ಐ7, ಐ9 ಸಿಕ್ಕರೆ ತುಸು ತಡೆಯಿರಿ. ವೋಲ್ಟೇಜ್ ದೋಷದಿಂದ ಇವು ಅಸ್ಥಿರವಾಗುತ್ತಿದ್ದುದಕ್ಕೆ ಇಂಟೆಲ್ 2024ರಲ್ಲಿ ಮೈಕ್ರೊಕೋಡ್ (ಬಯಾಸ್ ಮೂಲಕ ಬರುವ ಚಿಪ್ಪಿನ ಒಳ ಸೂಚನೆಗಳು) ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನೂ ಎರಡು ವರ್ಷ ಚಾಚಿತು. ಬಯಾಸ್ ಹೊಸದಾಗಿದ್ದರೆ ಮುಂದಿನ ಹಾನಿ ತಡೆಯುತ್ತದೆ, ಅದಾಗಲೇ ಕೆಟ್ಟ ಚಿಪ್ ಸರಿಯಾಗುವುದಿಲ್ಲ. ರೆಂಡರ್ ಎಂಥ ಚಿಪ್ಪನ್ನೂ ಗಂಟೆಗಟ್ಟಲೆ ತುದಿಗೆ ಹತ್ತಿಸಿ ಇಡುವ ಕೆಲಸವಾದ್ದರಿಂದ ಈ ದೋಷ ಇಲ್ಲಿ ಹೊರಬೀಳಬಹುದು.

ಹುಬ್ಬಳ್ಳಿಯಲ್ಲಿ ಕೊಳ್ಳಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿ, ಬಿಲ್ ಮೇಲೆ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಜಿಎಸ್‌ಟಿ ಬಿಲ್ ಬೇಡವೆಂದು ಉಳಿಸಿದ ದುಡ್ಡು ಕಾರ್ಡ್ ಕೆಟ್ಟು ವಾರಂಟಿ ಕೇಳುವ ದಿನ ಕೈಕೊಡುತ್ತದೆ. ಅಂಗಡಿಗೆ ಹೋಗುವಾಗ ಮೊದಲು ಅಳತೆ ಮಾಡಿದ ಆ ಒಂದು ನಿಮಿಷದ ಪ್ರಾಜೆಕ್ಟನ್ನು ಫೈಲುಗಳ ಸಮೇತ ಎಸ್‌ಎಸ್‌ಡಿಯಲ್ಲಿ ಹಾಕಿಕೊಂಡು ಹೋಗಿ. ಜೋಡಿಸಿದ ಯಂತ್ರದಲ್ಲಿ ಅದನ್ನು ಮೂರೂ ಬಗೆಯಲ್ಲಿ ತೆಗೆಸಿ, ಹಳೆಯ ಅಂಕಿಗಳ ಪಕ್ಕ ಹೊಸವನ್ನು ಬರೆದುಕೊಂಡು, ಆಮೇಲೆ ಹಣ ಕೊಡಿ.